ಉಗ್ರಾಣದ ಆನೆ

ಬೋಹುನ್ಕಾ ಝಾಲೆಶಾಕೋವಾ ಇಪ್ಪತ್ತೇಳು ವರ್ಷ ಯಾವೊರೆಟ್ಸ್ ಸ್ಟೇಷನ್ನಿನಲ್ಲಿ ಕೂತು ರೈಲು ಬಿಟ್ಟವಳು. ಯಾವ ಗಾಡಿ ಮೊದಲು ಹೋಗಬೇಕು, ಯಾವುದು ಕಾಯಬೇಕು, ಯಾವುದನ್ನು ಪಕ್ಕದ ಹಳಿಗೆ ತಳ್ಳಬೇಕು ಎಂದು ತೀರ್ಮಾನಿಸಿ ಮೈಕಿನಲ್ಲಿ ಸಾರುವುದು ಅವಳ ಕೆಲಸವಾಗಿತ್ತು. ಒಂಬತ್ತು ವರ್ಷದ ಹಿಂದೆ ಆ ಕೆಲಸ ದೂರದ ಪಟ್ಟಣದ ಒಂದು ಪರದೆಗೆ ಹೋಯಿತು. ಸ್ಟೇಷನ್ನಿಗೆ ಬೀಗ ಬಿತ್ತು, ಮೈಕಿನ ತಂತಿ ಕಿತ್ತರು. ಅವಳ ಮೇಜಿನ ಮೇಲಿದ್ದ ಕಂಪ್ಯೂಟರನ್ನು ಗುಜರಿಗೆ ಹಾಕಲು ಹೊರಟಿದ್ದರು. "ಅದನ್ನ ಮುಟ್ಟಬೇಡಿ" ಎಂದು ಗದರಿಸಿ ಕೈಗಾಡಿಯಲ್ಲಿ ಮನೆಗೆ ತಂದಳು. ತಂದು ಉಗ್ರಾಣದಲ್ಲಿ, ಉಪ್ಪುನೀರಿನ ಸೌತೆಕಾಯಿ ಸೀಸೆಗಳ ಸಾಲಿನ ಪಕ್ಕಕ್ಕೆ ಇಟ್ಟಳು.

ಅದು ಅಲ್ಲೇ ಧೂಳು ತಿನ್ನುತ್ತಿತ್ತೋ ಏನೋ, ನಮ್ಮೂರಿನ ಭಟ್ಟಿಮನೆ ಇಲ್ಲದಿದ್ದರೆ.

ಯಾವೊರೆಟ್ಸಿನಲ್ಲಿ ಮೂವತ್ತೆಂಟು ಮನೆಯವರು ಹಣ್ಣಿನ ಮರ ಇಟ್ಟುಕೊಂಡಿದ್ದಾರೆ. ಪ್ಲಮ್ ಹಣ್ಣಾದ ಮೇಲೆ ಪ್ರತಿ ಮನೆಯ ನೆಲಮಾಳಿಗೆಯಲ್ಲೂ ಹಣ್ಣು ಜಜ್ಜಿ ಪೀಪಾಯಿ ತುಂಬ ಕೊಳೆ ಹಾಕುತ್ತಾರೆ. ಅದು ಹುದುಗಿ ಹದಕ್ಕೆ ಬಂದಾಗ ಸಂಘದ ಭಟ್ಟಿಮನೆಗೆ ಒಯ್ದು ತಾಮ್ರದ ಹಂಡೆಯಲ್ಲಿ ಸ್ಲಿವೋವಿತ್ಸೆ ಎಂಬ ಪ್ಲಮ್ ಸಾರಾಯಿ ಇಳಿಸುತ್ತಾರೆ. ಹಂಡೆ ಇರುವುದು ಒಂದೇ. ಹದ ಬಂದ ಕೊಳೆ ಹೆಚ್ಚು ದಿನ ಕಾಯುವುದಿಲ್ಲ, ವಿನೆಗರ್ ಆಗಿ ಕೂರುತ್ತದೆ. ಹೀಗಿರುವಾಗ ಸರದಿ ಯಾರದು ಮೊದಲು ಎನ್ನುವುದು ನಮ್ಮಲ್ಲಿ ಚುನಾವಣೆಗಿಂತ ದೊಡ್ಡ ವಿಷಯ. ಹಿಂದೆಲ್ಲ ಸಂತ ವಾತ್ಸ್ಲಾವನ ಹಬ್ಬದ ದಿನ ಟೋಪಿಯಲ್ಲಿ ಚೀಟಿ ಹಾಕಿ ಎತ್ತುತ್ತಿದ್ದರು, ಬಂದ ನಂಬರನ್ನು ಹೆದ್ವಿಕಾ ಬ್ಲಾಹೋವಾ ತನ್ನ ಹಸಿರು ರಟ್ಟಿನ ನೋಟ್‌ಬುಕ್ಕಿನಲ್ಲಿ ಗುಂಡು ಅಕ್ಷರದಲ್ಲಿ ಬರೆಯುತ್ತಿದ್ದಳು. ಟೋಪಿಗೆ ಯಾರ ಕೊಳೆ ಹದಕ್ಕೆ ಬಂದಿದೆ ಎಂದು ಏನು ಗೊತ್ತು? ಪ್ರತಿ ವರ್ಷ ಐದಾರು ಮನೆಯವರು ಬಚ್ಚಲಿಗೆ ಸುರಿದು ಬಾಯಿಗೆ ಬಂದ ಹಾಗೆ ಬೈದುಕೊಳ್ಳುತ್ತಿದ್ದರು.

ಎರಡು ವರ್ಷದ ಹಿಂದೆ, ಆ ಸಲದ ಸೀಸನ್ ಮುಗಿದ ಮೇಲೆ, ಸಂಘದ ಸಭೆಯಲ್ಲಿ ಬೋಹುನ್ಕಾ ಎದ್ದು ನಿಂತಳು. ಮನೆಮನೆಯವರೂ ಗಾಜಿನ ಅಳತೆಕೊಳವೆಯನ್ನು ಪೀಪಾಯಿಯಲ್ಲಿ ತೇಲಿಸಿ ಸಕ್ಕರೆ ಎಷ್ಟಿದೆ ಎಂದು ದಿನಾ ನೋಡುತ್ತೀರಲ್ಲ, ಆ ಅಂಕಿಯನ್ನು ಫೋನಿನಿಂದ ನನಗೆ ಕಳಿಸಿ, ಅಂದಳು. ಅಂಕಿ ಇಳಿಯುತ್ತಾ ಇಳಿಯುತ್ತಾ ಎಲ್ಲಿ ನಿಲ್ಲುತ್ತದೋ ಆ ಕೊಳೆ ತಯಾರು, ಮೊದಲು ನಿಂತವರಿಗೆ ಮೊದಲ ಹಂಡೆ. ಗಾಡಿ ಬಿಡುವುದೂ ಹಾಗೇ ತಾನೇ? ಇದಕ್ಕೆ ಬೇಕಾದ ಪ್ರೋಗ್ರಾಂ ಬಿಟ್ಟಿಯಾಗಿ ಸಿಗುತ್ತದೆ, ನಮ್ಮ ಮನೆಯ ಕಂಪ್ಯೂಟರಿನಲ್ಲೇ ಓಡುತ್ತದೆ, ನಮ್ಮೂರ ಪೀಪಾಯಿಗಳ ಸುದ್ದಿ ಬೇರೆ ಯಾರ ಮನೆಗೂ ಹೋಗಬೇಕಾಗಿಲ್ಲ.

ಸಭೆಗೆ ಹಿಡಿಸಿತು. ಹೆದ್ವಿಕಾಗೆ ಮಾತ್ರ ಮೈಯೆಲ್ಲ ಉರಿಯಿತು. ಅವಳಿಗೆ ಎಪ್ಪತ್ತೊಂದು, ಪಂಚಾಯಿತಿ ಕಚೇರಿಯಲ್ಲಿ ಕೂತು ಊರಿನ ಧ್ವನಿವರ್ಧಕದಲ್ಲಿ ಪ್ರಕಟಣೆ ಓದುವವಳೂ ಅವಳೇ.

"ಸರಿ ಕಣೆ, ಸ್ಟೇಷನ್ ಮೇಡಂ," ಅಂದಳು. "ಆದ್ರೆ ಒಂದು ಮಾತು ಬರ್ಕೊಳ್ಳಿ ಎಲ್ಲರೂ. ಪ್ರತಿ ವರ್ಷ ಹಂಡೆ ಹಚ್ಚೋಕೆ ಮುಂಚಿನ ಗುರುವಾರ, ಮಧ್ಯಾಹ್ನ ಹನ್ನೆರಡರ ಗಂಟೆ ಹೊಡೆಯೋದ್ರೊಳಗೆ ಸರದಿ ಪಟ್ಟಿ ಭಟ್ಟಿಮನೆ ಬಾಗಿಲ ಮೇಲಿರಬೇಕು. ಒಂದು ಸಲ ತಪ್ಪಿದ್ರೂ ನೋಟ್‌ಬುಕ್ ವಾಪಸ್ ನನ್ನ ಕೈಗೆ. ಟೋಪಿ ವಾಪಸ್ ಮೇಜಿನ ಮೇಲೆ."

ಸಭೆ ಕೈ ಎತ್ತಿತು, ಬೋಹುನ್ಕಾ ಕೂಡ ಎತ್ತಿದಳು. ಮೊದಲ ವರ್ಷ ಪಟ್ಟಿ ಹತ್ತಕ್ಕೇ ಬಾಗಿಲಿಗೆ ಅಂಟಿತು, ಯಾರೂ ಬಚ್ಚಲಿಗೆ ಸುರಿಯಲಿಲ್ಲ. ಸ್ಟೇಷನ್ ಮುಚ್ಚಿದ ಮೇಲೆ ಅವಳು ಬೀದಿಯಲ್ಲಿ ತಲೆ ಎತ್ತಿ ನಡೆದದ್ದು ಆ ಅಕ್ಟೋಬರಿನಲ್ಲಿಯೇ.

ಈಗ ಎರಡನೇ ವರ್ಷದ ಗುರುವಾರಕ್ಕೆ ಬರೋಣ.

ನಮ್ಮ ಭಟ್ಟಿಮನೆಯಲ್ಲಿ ಒಂದು ಕಟ್ಟಳೆ ಇದೆ. ಸೀಸನ್ ಶುರುವಾಗುವ ಮುಂಚೆ, ಆಮೇಲೆ ಒಂದು ಮನೆಯವರ ಸರದಿ ಮುಗಿದು ಇನ್ನೊಬ್ಬರದು ಬರುವ ಮುಂಚೆ, ಹಂಡೆಯನ್ನು ಕುದಿನೀರಿನಲ್ಲಿ ತಳ ಕಾಣುವವರೆಗೆ ತೊಳೆಯಬೇಕು. ಒಬ್ಬರ ವಾಸನೆ ಇನ್ನೊಬ್ಬರದಕ್ಕೆ ತಾಕಬಾರದು. ಯಾವೊರೆಟ್ಸಿನ ಮಗುವಿಗೂ ಇದು ಗೊತ್ತು. ಏನಾದರೂ ಕೆಟ್ಟರೆ ನಮ್ಮವರು ಮೊದಲು ಆಡುವ ಮಾತೇ, "ತೊಳೆದು ಮತ್ತೆ ಶುರು ಮಾಡು."

ಭಟ್ಟಿ ಇಳಿಸುವ ಸಿರಿಲ್ ಮಾಖಾಲಾ ಬುಧವಾರವೇ ಹಂಡೆ ತೊಳೆದಿದ್ದ. ಗುರುವಾರ ಬೆಳಿಗ್ಗೆ ಏಳಕ್ಕೆ ಬೋಹುನ್ಕಾ ಕಾಫಿ ಲೋಟ ಹಿಡಿದು ಉಗ್ರಾಣಕ್ಕೆ ಹೋದಳು. ತಾನೂ ಕಂಪ್ಯೂಟರನ್ನು ಒಮ್ಮೆ ಶುಚಿ ಮಾಡಿಬಿಡೋಣ ಅನ್ನಿಸಿತು. ಅಪ್‌ಡೇಟ್ ಕೊಟ್ಟಳು, ಎಲ್ಲ ಹೊಸದಾಯಿತು. ಬಳಕೆಯಲ್ಲಿಲ್ಲದ ಹಳೆಯದನ್ನೆಲ್ಲ ತೆಗೆದು ಹಾಕುವ ಆಜ್ಞೆಯೂ ಒಂದಿದೆ, ಅದನ್ನೂ ಕೊಟ್ಟಳು. ಕಂಪ್ಯೂಟರಿನಲ್ಲಿ ಜಾಗ ಎಷ್ಟೋ ಬಿಡುವಾಯಿತು. ತೃಪ್ತಿಯಿಂದ ಒಂದು ಗುಟುಕು ಕಾಫಿ ಕುಡಿದು ಸರದಿ ಪುಟ ತೆರೆದಳು.

ತೆರೆಯಲಿಲ್ಲ. ಪರದೆಯ ಮೇಲೆ ಕೆಂಪು ಸಾಲೊಂದು ಬಂದು ಹೋಗುತ್ತಿತ್ತು, ಮತ್ತೆ ಬರುತ್ತಿತ್ತು.

ಆ ಸಾಲನ್ನು ನಿಧಾನವಾಗಿ ಓದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅವಳು ಓದಲಿಲ್ಲ. ಸಾಲನ್ನು ಹಾಗೇ ಎತ್ತಿ ಇಂಟರ್ನೆಟ್ಟಿನಲ್ಲಿ ಹುಡುಕಿದಳು. ಯಾರೋ ಪುಣ್ಯಾತ್ಮ ಉತ್ತರ ಬರೆದಿದ್ದ: ಆ ಸಾಲಿನಲ್ಲಿ ಹೆಸರಿರುವ ಫೋಲ್ಡರನ್ನು ಅಳಿಸಿ ಮತ್ತೆ ಶುರು ಮಾಡಿ, ಓಡುತ್ತದೆ. ಬೇರೆ ಊರಿನವರಾಗಿದ್ದರೆ ಒಂದು ಗಳಿಗೆ ಅನುಮಾನ ಪಡುತ್ತಿದ್ದರೇನೋ. ತೊಳೆದು ಮತ್ತೆ ಶುರು ಮಾಡು ಎಂಬ ಮಾತು ಯಾವೊರೆಟ್ಸಿನವಳ ಕಿವಿಗೆ ತಾಯಿ ಹೇಳಿದಂತೆ ಕೇಳಿತು. ಅಳಿಸಿದಳು.

ಓಡಿತು! ಪುಟ ಫಳಫಳ ಹೊಳೆಯುತ್ತಾ ತೆರೆದುಕೊಂಡಿತು. ಅದರಲ್ಲಿ ಒಂದು ಮನೆಯೂ ಇರಲಿಲ್ಲ, ಒಂದು ಅಂಕಿಯೂ ಇರಲಿಲ್ಲ. ಸ್ವಾಗತ, ನಿಮ್ಮ ಪಟ್ಟಿಗೆ ಮೊದಲನೇ ಹೆಸರು ಸೇರಿಸಿ, ಎಂದು ಬರೆದಿತ್ತು.

ಬೋಹುನ್ಕಾ ಕಾಫಿ ಲೋಟ ಕೆಳಗಿಟ್ಟಳು. ಏಳು ವಾರದ ಅಂಕಿ, ಮೂವತ್ತೆಂಟು ಮನೆ. ಯಾರೂ ಚೀಟಿಯಲ್ಲೂ ಬರೆದಿಟ್ಟುಕೊಂಡಿರಲಿಲ್ಲ, ನೀವು ಬರೆಯುವುದು ಬೇಡ ಎಂದು ಹೇಳಿದವಳು ಅವಳೇ.

ಅಷ್ಟರಲ್ಲಿ ಹಿತ್ತಲ ಬಾಗಿಲು ಕಿರುಗುಟ್ಟಿತು. ಸಿರಿಲ್. ನಾಲ್ಕು ದಶಕದಿಂದ ಆ ಹಂಡೆಯ ಮುಂದೆ ಕೂತು ಹುಬ್ಬು ಸುಟ್ಟುಕೊಂಡ ಮುದುಕ.

"ಪಟ್ಟಿ ಎಲ್ಲೇ ಹುಡುಗಿ? ಯಾರ್ಯಾರಿಗೆ ಎಷ್ಟೆಷ್ಟು ಸೌದೆ ಬೇಕು ಅಂತ ಜೋಡಿಸ್ಬೇಕು ನಾನು."

"ಪಟ್ಟಿ ಇಲ್ಲ ಚಿಕ್ಕಪ್ಪ."

"ಇಲ್ಲ ಅಂದ್ರೆ?"

"ತೊಳೆದುಬಿಟ್ಟೆ."

ಐವತ್ತೆಂಟರ ಹೆಂಗಸು ಸೌತೆಕಾಯಿ ಸೀಸೆಗಳ ನಡುವೆ ಚಿಕ್ಕ ಹುಡುಗಿಯ ಹಾಗೆ ನಿಂತಿದ್ದಳು. ಸಿರಿಲ್ ಅಲ್ಲೇ ಇದ್ದ ಆಲೂಗಡ್ಡೆ ಮೂಟೆಯ ಮೇಲೆ ಕೂತ.

"ಕೊಳೆ ಒಳಗಿರುವಾಗಲೇ ಹಂಡೆ ತೊಳೆದೆಯಾ? ಅಯ್ಯೋ ನಿನ್ನ! ಬಗ್ಗಿ ನೋಡೋದಲ್ವೇನೇ ಮೊದಲು?"

"ನಕಲು ಇದೆ," ಅಂದಳು ಬೋಹುನ್ಕಾ ಥಟ್ಟನೆ. ಅಂದವಳೇ ಡ್ರಾಯರ್ ಎಳೆದು ಪೆನ್‌ಡ್ರೈವ್ ತೆಗೆದಳು. ಪ್ರತಿ ಭಾನುವಾರ ಮಧ್ಯಾಹ್ನ, ಊರೆಲ್ಲ ಬಾತುಕೋಳಿ, ಕ್ನೆಡ್ಲಿಕಿ ಕಡುಬಿನ ಊಟದ ಮುಂದೆ ಕೂತಿರುವಾಗ, ಪ್ರೋಗ್ರಾಮಿನ ಫೋಲ್ಡರುಗಳನ್ನೆಲ್ಲ ಯಾವುದರಲ್ಲಿ ಏನಿದೆ ಎಂದು ನೋಡದೆ ಒಟ್ಟಿಗೇ ಇದಕ್ಕೆ ಇಳಿಸಿಡುತ್ತಿದ್ದಳು. ನಾಲ್ಕು ದಿನದ ಹಿಂದಿನದು, ಆದರೂ ಇದೆಯಲ್ಲ. ವಾಪಸ್ ಸುರಿದಳು, ಶುರು ಮಾಡಿದಳು.

ಮತ್ತೆ ಅದೇ ಕೆಂಪು ಸಾಲು.

"ಇದೂ ಹಾಳು! ಚಿಕ್ಕಪ್ಪ, ಇದೂ ಹಾಳಾಗಿದೆ!"

"ಕಿರುಚಬೇಡ. ಏನು ಬರೆದಿದೆ ಓದು."

"ಅದೇನೋ ಅವರ ಭಾಷೆ."

"ಅವರದ್ದೇ ಓದೇ. ನಾನು ಹಂಡೆ ಸದ್ದು ಕೇಳಿ ಒಳಗೇನಾಗ್ತಿದೆ ಅಂತ ಹೇಳ್ತೀನಿ. ಅದು ಬಾಯಿಬಿಟ್ಟು ಹೇಳ್ತಿದ್ರೂ ನೀನು ಕೇಳ್ತಿಲ್ಲ."

ಬೋಹುನ್ಕಾ ಕನ್ನಡಕ ಏರಿಸಿ ಒಂದೊಂದೇ ಪದ ಬಿಡಿಸಿದಳು. ಈ ಫೋಲ್ಡರನ್ನು ತಯಾರಿಸಿದ್ದು ಹದಿನೈದನೇ ಆವೃತ್ತಿಯ ಡೇಟಾಬೇಸ್. ನಾನು ಹದಿನಾರನೆಯದು. ಇದು ನನಗೆ ಹೊಂದುವುದಿಲ್ಲ.

"ಯಾರು ಈ 'ನಾನು'?" ಕೇಳಿದ ಸಿರಿಲ್.

ಅದು ಅವಳಿಗೂ ಗೊತ್ತಿರಲಿಲ್ಲ. ಹುಡುಕಿದಳು. ಪರದೆಯ ಮೇಲೆ ನೀಲಿ ಆನೆಯ ತಲೆಯೊಂದು ಮೂಡಿತು. ಅವಳ ಸರದಿ ಪ್ರೋಗ್ರಾಂ ಅಂಕಿಗಳನ್ನು ತಾನು ಇಟ್ಟುಕೊಳ್ಳುತ್ತಲೇ ಇರಲಿಲ್ಲವಂತೆ. ಎಲ್ಲವನ್ನೂ ಕೆಳಗೆ ಕೂತಿರುವ ಈ ಆನೆ ಗುರುತಿನ ಡೇಟಾಬೇಸಿನ ಕೈಗೆ ಕೊಡುತ್ತಿತ್ತಂತೆ.

"ಎರಡು ವರ್ಷದಿಂದ ನಿನ್ನ ಉಗ್ರಾಣದಲ್ಲಿ ಆನೆ ಇದೆ. ನಿನಗೇ ಗೊತ್ತಿಲ್ಲ!" ಸಿರಿಲ್ ತೊಡೆ ತಟ್ಟಿಕೊಂಡು ನಕ್ಕ. ಬೋಹುನ್ಕಾಗೆ ರೇಗಿತು.

"ನಗ್ತೀರಾ? ನನಗೆ ಯಾಕೆ ಗೊತ್ತಿರ್ಬೇಕು? ನಾನು ಸರದಿ ಮಾಡೋಳು. ರೈಲು ಬಿಡೋಳಿಗೆ ಇಂಜಿನ್ ಬಿಚ್ಚಿ ಕಟ್ಟೋಕೆ ಬರ್ಬೇಕಾ? ನೀವು ಹಂಡೆ ಮಾಡ್ತೀರಾ? ತಾಮ್ರ ಬಡಿಯೋಕೆ ಬರುತ್ತಾ ನಿಮಗೆ?"

"ಬರಲ್ಲ. ಆದ್ರೆ ಹಂಡೆ ಎಷ್ಟು ಹಿಡಿಯುತ್ತೆ ಅಂತ ಗೊತ್ತು. ಯಾವ ಕಡೆಯಿಂದ ಖಾಲಿ ಮಾಡ್ಬೇಕು ಅಂತ ಗೊತ್ತು. ಹೋದ ವರ್ಷ ಹೊಸ ಮುಚ್ಚಳ ತಂದಾಗ ಹಳೇ ಹಂಡೆಗೆ ಕೂರುತ್ತಾ ಅಂತ ಹಾಕಿ ನೋಡಿ ಆಮೇಲೆ ಬೆಂಕಿ ಹಚ್ಚಿದೆ. ಇಷ್ಟೇ ಕಣೆ. ಇಷ್ಟೂ ಗೊತ್ತಿಲ್ದೆ ಇದ್ರೆ ಹಂಡೆ ಮುಂದೆ ಕೂರ್ಬಾರ್ದು." ಸ್ವಲ್ಪ ತಡೆದು ಮೂಗು ಒರೆಸಿಕೊಂಡ. "ಈಗ ನನ್ನ ದಡ್ಡ ತಲೆಗೆ ಹೊಳೆಯೋದು ಕೇಳು. ಕೊಳೆ ಹಳೆಯದು, ಹಂಡೆ ಹೊಸದು, ಹೊಂದಲ್ಲ ಅಂತ ಹಂಡೇನೇ ಹೇಳ್ತಿದೆ. ಹಳೇ ಹಂಡೆ ಎಲ್ಲಿ?"

ಬೋಹುನ್ಕಾ ಪರದೆಯ ಕಡೆ ತಿರುಗಿದಳು. ಹಳೆಯದನ್ನು ತಾನೇ ಗುಡಿಸಿ ಹಾಕಿದ್ದಳು. ಆದರೆ ಅದು ಜಗತ್ತಿನಲ್ಲಿ ಇಲ್ಲವೇ? ಎರಡು ವರ್ಷದ ಹಿಂದೆ ಎಲ್ಲಿಂದಲೋ ಇಳಿಸಿಕೊಂಡ ಸಾಲುಗಳಿದ್ದ ಕಡತವನ್ನು ಮೊದಲ ಸಲ ಮೇಲಿನಿಂದ ಕೆಳಗೆ ಓದಿದಳು. ಹದಿನಾಲ್ಕನೇ ಸಾಲಿನಲ್ಲಿ ಆನೆಯ ಹೆಸರು. ಅದರ ಪಕ್ಕದಲ್ಲಿ, ನಂಬರ್ ಇರಬೇಕಾದ ಜಾಗದಲ್ಲಿ, "ಯಾವುದು ತೀರಾ ಹೊಸದೋ ಅದು" ಎಂಬರ್ಥದ ಒಂದು ಪದ.

"ಇಲ್ಲಿದೆ ನೋಡಿ! ಹೊಸದು ಬಂದಾಗೆಲ್ಲ ಹೊಸದನ್ನೇ ಹಾಕು ಅಂತ ನಾನೇ ಬರೆದಿದ್ದೀನಿ!"

"ಶಹಬ್ಬಾಸ್. ಈಗ ಏನು ಬರೀತೀಯ?"

"ಹದಿನೈದು!"

ಆ ಪದ ಅಳಿಸಿ ಒಂದು, ಐದು ಒತ್ತಿದಳು. ಹಳೆಯ ಆನೆ ಇಳಿಯತೊಡಗಿತು. ನಮ್ಮೂರ ಇಂಟರ್ನೆಟ್ಟಿನ ವೇಗ ಗೊತ್ತಲ್ಲ, ಆನೆ ಬಾಲ ಹಿಡಿದು ಎಳೆದ ಹಾಗೆ ಬರುತ್ತಿತ್ತು. ಎಂಟೂವರೆ. ಎಂಟೂ ಮುಕ್ಕಾಲು. ಕಾಯುವಾಗ ಸುಮ್ಮನಿರಲಾರದೆ ಆನೆಯ ಬಗ್ಗೆ ಇದ್ದಬದ್ದದ್ದನ್ನೆಲ್ಲ ಓದಿದಳು. ಒಂದು ಕಡೆ ದಪ್ಪ ಅಕ್ಷರದಲ್ಲಿ ಎಚ್ಚರಿಕೆ: ಡೇಟಾಬೇಸ್ ಓಡುತ್ತಿರುವಾಗ ಫೋಲ್ಡರನ್ನು ನಕಲು ಮಾಡಿದರೆ ಆ ನಕಲನ್ನು ನಂಬಬೇಡಿ, ಅರ್ಧ ಬರೆದದ್ದು ಅರ್ಧವೇ ಬಂದಿರುತ್ತದೆ.

ಓದುತ್ತಿದ್ದಂತೆ ಅವಳು ಕೂತಲ್ಲಿಂದ ಚಂಗನೆ ಎದ್ದಳು. ಸೀಸೆಗಳು ಗಲಗಲ ಅಂದವು.

"ನಿಲ್ಲಿಸಿದ್ದೆ! ಚಿಕ್ಕಪ್ಪ, ನಾನು ಪ್ರತಿ ಸಲ ನಿಲ್ಲಿಸಿದ್ದೆ!"

"ಏನನ್ನ?"

"ಎಲ್ಲವನ್ನೂ! ನಕಲು ಮಾಡೋ ಮುಂಚೆ ಪೂರ್ತಿ ನಿಲ್ಲಿಸಿ, ಆಮೇಲೆ ಇಳಿಸಿ, ಆಮೇಲೆ ಶುರು ಮಾಡ್ತಿದ್ದೆ. ಯಾರೂ ಹೇಳ್ಕೊಟ್ಟಿಲ್ಲ. ಇಪ್ಪತ್ತೇಳು ವರ್ಷ, ಗಾಡಿ ಮೇಲಿರುವಾಗ ನಾನು ಒಂದು ಸಲಾನೂ ಹಳಿ ಬದಲಾಯಿಸಿದೋಳಲ್ಲ. ಓಡ್ತಿರೋದರ ಕೆಳಗೆ ಕೈ ಹಾಕೋಕೆ ನನಗೆ ಆಗೋದೇ ಇಲ್ಲ!"

"ನೋಡು ಮತ್ತೆ. ಭಟ್ಟಿಮನೆ ಬುದ್ಧಿ ನಿನ್ನ ಮುಳುಗಿಸ್ತು, ಸ್ಟೇಷನ್ ಬುದ್ಧಿ ಎತ್ತುತ್ತಾ ಇದೆ," ಅಂದ ಸಿರಿಲ್. ಅಂದು, ಕೇಳದೆಯೇ ಒಂದು ಸೀಸೆ ಬಿಚ್ಚಿ ಸೌತೆಕಾಯಿ ಕಡಿದ.

ಒಂಬತ್ತು ಹತ್ತಕ್ಕೆ ಆನೆ ಪೂರ್ತಿ ಇಳಿಯಿತು. ಬೋಹುನ್ಕಾ ಪೆನ್‌ಡ್ರೈವಿನದ್ದನ್ನು ಮತ್ತೆ ಸುರಿದಳು. ಸುರಿಯುವ ಮುಂಚೆ ಅದರದೇ ಇನ್ನೊಂದು ನಕಲು ಮಾಡಿ ಪಕ್ಕಕ್ಕಿಟ್ಟಳು, ಅಷ್ಟು ಬುದ್ಧಿ ಬಂದಿತ್ತು. ಶುರು ಮಾಡಿದಳು. ಕೆಂಪು ಸಾಲು ಬರಲಿಲ್ಲ. ಪುಟ ತೆರೆಯಿತು. ಅಡಾಮೆಕ್, ಬಾರ್ಟೋಶ್, ಬ್ಲಾಹೋವಾ, ಒಬ್ಬೊಬ್ಬರೂ ತಮ್ಮ ತಮ್ಮ ಇಳಿಯುವ ಗೆರೆಗಳ ಸಮೇತ ಬಂದು ಸಾಲಾಗಿ ನಿಂತರು. ಮೂವತ್ತೆಂಟು ಮನೆ! ಬೋಹುನ್ಕಾ ಮುದುಕನನ್ನು ತಬ್ಬಿಕೊಂಡಳು. ಅವನ ಬಾಯಲ್ಲಿ ಸೌತೆಕಾಯಿ ಇತ್ತು, ಹಾಗೇ ಕುಣಿದ.

"ತಡೀರಿ," ಎಂದು ಅವಳೇ ಬಿಡಿಸಿಕೊಂಡಳು. "ಇದು ಭಾನುವಾರದವರೆಗಿನದು. ಸೋಮವಾರ, ಮಂಗಳವಾರ, ಬುಧವಾರ ಇಲ್ಲ. ಯಾರ ಅಂಕಿ ನಿಂತಿದೆ, ಯಾರದು ಇನ್ನೂ ಇಳೀತಿದೆ ಅಂತ ಗೊತ್ತಾಗೋದೇ ಈ ಕೊನೇ ದಿನಗಳಲ್ಲಿ."

"ಅಂದ್ರೆ?"

"ಎಲ್ಲರೂ ಈಗಲೇ ನೆಲಮಾಳಿಗೆಗೆ ಇಳಿದು ಒಂದೇ ಒಂದು ಸಲ ಅಳೆದು ಕಳಿಸಿದ್ರೆ ಸಾಕು. ಹಳೇ ಗೆರೆಗೆ ಇವತ್ತಿನ ಒಂದು ಚುಕ್ಕಿ. ಅಷ್ಟರಲ್ಲಿ ಗೊತ್ತಾಗುತ್ತೆ. ಆದ್ರೆ ಮೂವತ್ತೆಂಟು ಮನೆಗೆ ಫೋನ್ ಮಾಡೋಷ್ಟರಲ್ಲಿ ಸಂಜೆ ಆಗುತ್ತೆ. ಅರ್ಧ ಜನ ದ್ರಾಕ್ಷಿ ತೋಟದಲ್ಲಿದ್ದಾರೆ, ಎತ್ತೋದೂ ಇಲ್ಲ."

ಇಬ್ಬರಿಗೂ ಒಂದೇ ಯೋಚನೆ ಬಂತು. ಊರಿನ ಪ್ರತಿ ಕಂಬದ ಮೇಲೂ ಧ್ವನಿವರ್ಧಕ ಇದೆ. ತೋಟದ ಕಡೆಗೂ ಎರಡು ಇವೆ. ಅದರ ಮೈಕು ಇರುವುದು ಹೆದ್ವಿಕಾಳ ಮೇಜಿನ ಮೇಲೆ.

ಬೋಹುನ್ಕಾ ಮನೆಯ ಚಪ್ಪಲಿಯಲ್ಲೇ ಓಡಿದಳು. ಪಂಚಾಯಿತಿ ಕಚೇರಿಯಲ್ಲಿ ಹೆದ್ವಿಕಾ ಪತ್ರಗಳಿಗೆ ಮೊಹರು ಒತ್ತುತ್ತಿದ್ದಳು. ಗೋಡೆ ಗಡಿಯಾರದಲ್ಲಿ ಒಂಬತ್ತು ಮೂವತ್ತೈದು.

"ಹೆದ್ವಿಕಾ ಚಿಕ್ಕಮ್ಮ, ಒಂದು ಪ್ರಕಟಣೆ ಓದ್ಬೇಕು. ಈಗಲೇ."

"ಪ್ರಕಟಣೆ ನಾಲ್ಕು ಗಂಟೆಗೆ."

"ನಾಲ್ಕಕ್ಕೆ ಆಗಲ್ಲ. ಅಂಕಿಗಳು ಹೋಗಿವೆ. ನಾನೇ ಅಳಿಸಿಬಿಟ್ಟೆ. ಭಾನುವಾರದವರೆಗಿನದು ಸಿಕ್ಕಿದೆ, ಉಳಿದದ್ದಕ್ಕೆ ಎಲ್ಲರೂ ಮತ್ತೆ ಅಳೀಬೇಕು."

ಹೆದ್ವಿಕಾ ಮೊಹರನ್ನು ಮೆಲ್ಲಗೆ ಕೆಳಗಿಟ್ಟಳು. ಮೇಜಿನ ಕೆಳಗಿನ ಖಾನೆಯಲ್ಲಿ ಹಸಿರು ನೋಟ್‌ಬುಕ್ ಇತ್ತು. ಎರಡು ವರ್ಷ ಕಳೆದರೂ ಅದನ್ನು ಅಲ್ಲಿಂದ ತೆಗೆದಿರಲಿಲ್ಲ. ಅವಳ ಕೈ ಖಾನೆಯ ಹಿಡಿಯವರೆಗೂ ಹೋಯಿತು.

"ನನ್ನ ನೋಟ್‌ಬುಕ್ಕು ಒಂದು ದಿನಾನೂ ತಾನಾಗಿ ಹೊಸದಾಗ್ಲಿಲ್ಲ ಕಣೆ," ಅಂದಳು.

"ಇಲ್ಲ ಚಿಕ್ಕಮ್ಮ."

"ಅದು ಏನನ್ನೂ ತಿಂದು ಹಾಕ್ಲಿಲ್ಲ."

"ಇಲ್ಲ. ಇದೂ ತಿಂದಿಲ್ಲ. ನಾನು ಕೆಳಗೆ ಏನಿದೆ ಅಂತ ನೋಡ್ದೆ ತೊಳೆದೆ. ತಪ್ಪು ನಂದು. ಆದ್ರೆ ಚಿಕ್ಕಮ್ಮ, ಈ ಸಲ ನಿಮ್ಮ ಓಸ್ಕೆರುಶೆ ಇದೆ."

ಹೆದ್ವಿಕಾಳ ಕೈ ನಿಂತಿತು. ಅವಳ ಹಿತ್ತಲಲ್ಲಿ ಅಜ್ಜನ ಕಾಲದ ಓಸ್ಕೆರುಶೆ ಮರ ಇದೆ, ಪುಟ್ಟ ಪೇರುಗಳ ಹಾಗೆ ಹಣ್ಣು ಬಿಡುತ್ತದೆ. ಬಿಡುವುದು ಮನಸ್ಸು ಬಂದಾಗ. ಈ ವರ್ಷ ಬಿಟ್ಟದ್ದು ಏಳು ವರ್ಷದ ಮೇಲೆ. ಒಂದೇ ಪೀಪಾಯಿ, ಎಂಬತ್ತು ಲೀಟರ್ ಕೊಳೆ. ಹೋದ ಸಲ ಬಿಟ್ಟಾಗ ಟೋಪಿಯಿಂದ ಅವಳಿಗೆ ಬಂದದ್ದು ಮೂವತ್ತೊಂದನೇ ಚೀಟಿ. ಅಷ್ಟೂ ವಿನೆಗರ್ ಆಯಿತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಊರಿಗೆಲ್ಲ ಗೊತ್ತಿತ್ತು.

"ನಿನ್ನ ತಪ್ಪನ್ನ ನಾನು ಯಾಕೆ ಓದ್ಲಿ?" ಎಂದು ಅವಳು ಎದ್ದು ನಿಂತಳು. ಹೆದ್ವಿಕಾ ಮೈಕನ್ನು ಮೇಜಿನ ಈ ತುದಿಗೆ ತಳ್ಳಿದಳು. "ನೀನೇ ಓದು."

ಹೇಳಿ, ಬೋಹುನ್ಕಾಗೆ ಯೋಚಿಸಲೂ ಬಿಡದೆ, ಪ್ರಕಟಣೆಗೆ ಮುಂಚೆ ಹಾಕುವ ಬ್ಯಾಂಡಿನ ಸಂಗೀತ ಹಾಕಿದಳು. ಊರ ತುಂಬ ತುತ್ತೂರಿ ಮೊಳಗಿತು. ನಿಂತಿತು. ಕೆಂಪು ದೀಪ ಹತ್ತಿತು.

ಒಂಬತ್ತು ವರ್ಷವಾಗಿತ್ತು ಅವಳು ಮೈಕಿನ ಮುಂದೆ ಕೂತು. ಬಾಯಿ ಮಾತ್ರ ತನ್ನ ಹಳೆಯ ಹಳಿ ಹಿಡಿಯಿತು.

"ಪ್ರಯಾಣಿಕರ ಗಮನಕ್ಕೆ!"

ಬೀದಿಯಲ್ಲಿ ಹೋಗುತ್ತಿದ್ದ ಸೈಕಲ್ಲೊಂದು ನಿಂತಿತು. ಎದುರಿನ ಮನೆಯ ಕಿಟಕಿ ತೆರೆಯಿತು. ಇನ್ನು ನಿಲ್ಲಿಸುವಂತಿರಲಿಲ್ಲ.

"ಯಾವೊರೆಟ್ಸಿನ ಭಟ್ಟಿಮನೆ ಸಂಘದ ಎಲ್ಲರ ಗಮನಕ್ಕೆ. ನಾನು ಬೋಹುನ್ಕಾ ಝಾಲೆಶಾಕೋವಾ. ನಿಮ್ಮ ಅಂಕಿಗಳನ್ನ ನಾನು ಕೈಯಾರೆ ಅಳಿಸಿದ್ದೀನಿ. ಭಾನುವಾರದವರೆಗಿನದು ವಾಪಸ್ ಬಂದಿದೆ. ಎಲ್ಲಿದ್ದೀರೋ ಅಲ್ಲಿಂದ ಎದ್ದು ನೆಲಮಾಳಿಗೆಗೆ ಹೋಗಿ, ಇವತ್ತಿನ ಅಂಕಿ ಅಳೆದು ಹನ್ನೊಂದೂವರೆಯೊಳಗೆ ಕಳಿಸಿ. ತೋಟದಲ್ಲಿರೋರು ಕತ್ತರಿ ಕೆಳಗಿಟ್ಟು ಬನ್ನಿ. ಹನ್ನೆರಡಕ್ಕೆ ಪಟ್ಟಿ ಬಾಗಿಲ ಮೇಲೆ ಇರುತ್ತೆ." ಒಂದು ಉಸಿರು ತೆಗೆದುಕೊಂಡಳು. "ತಡವಾದದ್ದಕ್ಕೆ ವಿಷಾದಿಸುತ್ತೇವೆ."

ದೀಪ ಆರಿತು. ಹೊರಗೆ ಯಾರೋ ಜೋರಾಗಿ ನಕ್ಕರು. ಇನ್ನಾರೋ, "ಏಯ್, ನಮ್ಮ ಸ್ಟೇಷನ್ ಬೋಹುನ್ಕಾ ಕಣೋ!" ಎಂದು ಕೂಗಿದರು. ಬಾಗಿಲುಗಳು ಧಡಧಡ ಬಡಿದುಕೊಂಡವು, ಮೆಟ್ಟಿಲುಗಳ ಮೇಲೆ ಗಂಬೂಟುಗಳ ಸದ್ದು ಇಳಿಯಿತು. ಹೆದ್ವಿಕಾ ಆಗಲೇ ಕೋಟು ಹಾಕಿಕೊಂಡು, ನೋಯುವ ಮಂಡಿ ಹಿಡಿದುಕೊಂಡು ಹೊರಟಿದ್ದಳು.

ಉಗ್ರಾಣಕ್ಕೆ ವಾಪಸ್ ಬರುವಷ್ಟರಲ್ಲಿ ಹನ್ನೊಂದು ಅಂಕಿ ಬಂದಿದ್ದವು. ಸಿರಿಲ್ ಪರದೆಯ ಮುಂದೆ ಕುರ್ಚಿ ಹಾಕಿಕೊಂಡು ಕುದುರೆ ರೇಸ್ ನೋಡುವವನ ಹಾಗೆ ಕೂಗುತ್ತಿದ್ದ. ಹದಿನೆಂಟು! ಇಪ್ಪತ್ತೈದು! ಬಾರ್ಟೋಶ್ ಇನ್ನೂ ಇಳೀತಿದ್ದಾನೆ, ಅವನಿಗೆ ಮುಂದಿನ ವಾರ! ಹನ್ನೊಂದು ಗಂಟೆಗೆ ಮೂವತ್ತೆರಡು. ಹನ್ನೊಂದು ಇಪ್ಪತ್ತಕ್ಕೆ ಮೂವತ್ತಾರು. ಹನ್ನೊಂದೂವರೆಗೆ ಮೂವತ್ತೇಳು. ಅಲ್ಲಿಗೆ ನಿಂತಿತು.

"ಯಾರು ಬಾಕಿ?"

"ಹೆದ್ವಿಕಾ ಚಿಕ್ಕಮ್ಮ."

"ಬೇಕಂತಲೇ! ಮುದುಕಿ ಬೇಕಂತಲೇ ತಡ ಮಾಡ್ತಿದ್ದಾಳೆ! ಅವಳನ್ನ ಬಿಟ್ಟು ಹಾಕು ಪಟ್ಟಿ."

"ಬಿಟ್ಟು ಹಾಕಲ್ಲ ಚಿಕ್ಕಪ್ಪ. ಒಂದು ಗಾಡಿ ಎಲ್ಲಿದೆ ಅಂತ ಗೊತ್ತಿಲ್ದೆ ಉಳಿದಿದ್ದನ್ನ ಬಿಡೋಕಾಗಲ್ಲ."

ಹನ್ನೊಂದೂ ಮುಕ್ಕಾಲಿಗೆ ಎರಡೇ ನಿಮಿಷ ಇರುವಾಗ ಹಿತ್ತಲ ಬಾಗಿಲು ತೆರೆಯಿತು. ಹೆದ್ವಿಕಾ ಏದುಸಿರು ಬಿಡುತ್ತಾ ನಿಂತಿದ್ದಳು, ಕೋಟಿನ ತೋಳು ಮೊಣಕೈವರೆಗೆ ಒದ್ದೆ.

"ಫೋನ್ ಪೀಪಾಯಿಗೆ ಬಿತ್ತು," ಅಂದಳು. "ನಾಲ್ಕು. ನಾಲ್ಕಿದೆ ಅಂಕಿ. ಮೂರು ಸಲ ಅಳೆದೆ."

ಬೋಹುನ್ಕಾ ನಾಲ್ಕು ಒತ್ತಿದಳು. ಹೆದ್ವಿಕಾಳ ಗೆರೆಗೆ ಇವತ್ತಿನ ಚುಕ್ಕಿ ಬಿತ್ತು. ಶುಕ್ರವಾರ ನಾಲ್ಕು, ಶನಿವಾರ ನಾಲ್ಕು, ಭಾನುವಾರ ನಾಲ್ಕು, ಇವತ್ತು ನಾಲ್ಕು. ಬೇರೆ ಯಾರ ಗೆರೆಯೂ ಇಷ್ಟು ದಿನದಿಂದ ನಿಂತಿರಲಿಲ್ಲ. ಸಿರಿಲ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದ. ಮುದ್ರಣ ಯಂತ್ರ ಗುರುಗುಟ್ಟುತ್ತಾ ಹಾಳೆ ಉಗುಳಿತು.

ಹನ್ನೊಂದು ಐವತ್ತೊಂಬತ್ತಕ್ಕೆ ಬೋಹುನ್ಕಾ ಭಟ್ಟಿಮನೆಯ ಬಾಗಿಲಿಗೆ ಹಾಳೆ ಹಚ್ಚಿ ನಾಲ್ಕು ಮೊಳೆ ಹೊಡೆದಳು. ಕೊನೆಯ ಮೊಳೆಗೆ ಚರ್ಚಿನ ಗಂಟೆ ಶುರುವಾಯಿತು. ಆಗಲೇ ಅರ್ಧ ಊರು ಅಲ್ಲಿ ಸೇರಿತ್ತು, ಮೊದಲ ಸಾಲನ್ನು ಎಲ್ಲರೂ ಒಟ್ಟಿಗೇ ಓದಿದರು. ಶುಕ್ರವಾರ, ಬೆಳಿಗ್ಗೆ ಆರು ಗಂಟೆ, ಮೊದಲ ಹಂಡೆ: ಹೆದ್ವಿಕಾ ಬ್ಲಾಹೋವಾ, ಓಸ್ಕೆರುಶೆ, ಎಂಬತ್ತು ಲೀಟರ್. ಹೆದ್ವಿಕಾ ಅದನ್ನು ಬೆರಳಿಟ್ಟು ಎರಡು ಸಲ ಓದಿದಳು. ಮನೆಗೆ ಹೋದಳು.

ಮಾರನೇ ಬೆಳಿಗ್ಗೆ ಭಟ್ಟಿಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸರದಿ ಇದ್ದವರೂ ಇಲ್ಲದವರೂ ಬ್ರೆಡ್ಡು, ಹಂದಿಕೊಬ್ಬಿನ ಪಟ್ಟಿ, ಈರುಳ್ಳಿ ಹಿಡಿದು ಬಂದಿದ್ದರು. ಹಂಡೆಯ ಬಗ್ಗೆ ವಾದ ಮಾಡುವುದು ನಮ್ಮವರಿಗೆ ಉಸಿರಾಡಿದಷ್ಟು ಸಹಜ, ಈಗ ಅವರಿಗೆ ಆನೆ ಬೇರೆ ಸಿಕ್ಕಿತ್ತು. ಅಡಾಮೆಕ್ ಹದಿನಾರಕ್ಕೆ ಹೋಗಲೇಬೇಕು, ಊರು ಹಿಂದೆ ಬೀಳಬಾರದು ಎಂದ. ಸೀಸನ್ ಮುಗಿಯುವ ತನಕ ಹದಿನೈದನ್ನು ಮುಟ್ಟಿದರೆ ಕೈ ಮುರಿಯುತ್ತೇನೆ ಎಂದ ಬಾರ್ಟೋಶ್. ಹಳೆ ಆನೆಯ ಹೊಟ್ಟೆಯಲ್ಲಿರುವುದನ್ನು ಮೊದಲು ಸಾದಾ ಅಕ್ಷರದ ಕಡತಕ್ಕೆ ಖಾಲಿ ಮಾಡಿಕೊಂಡು ಆಮೇಲೆ ಹೊಸದಕ್ಕೆ ತುಂಬಬೇಕು, ಅದಕ್ಕೂ ಆಜ್ಞೆ ಇದೆ, ನಿನ್ನೆ ಮಧ್ಯಾಹ್ನ ಮಾಡಿ ನೋಡಿದೆ, ಎಂದು ಬೋಹುನ್ಕಾ ಎಷ್ಟು ಹೇಳಿದರೂ ಅವಳ ಮಾತನ್ನು ಯಾರೂ ಕೇಳುತ್ತಿರಲಿಲ್ಲ.

ಕೊಳವೆಯ ತುದಿಯಿಂದ ಸಣ್ಣ ಧಾರೆ ಇಳಿಯಿತು. ಮೊದಲು ಬಂದ ಖಾರದ ನೀರನ್ನು ಸಿರಿಲ್ ಬೇರೆ ತೆಗೆದಿಟ್ಟ, ಕಾದ, ಮೂಸಿದ, ಆಮೇಲೆ ಪುಟ್ಟ ಗಾಜಿನ ಲೋಟ ಹಿಡಿದು ಹೆದ್ವಿಕಾಗೆ ಕೊಟ್ಟ. ಅವಳು ಅದನ್ನು ಕುಡಿಯಲಿಲ್ಲ. ಜನರನ್ನು ಸರಿಸಿಕೊಂಡು ಬಂದು ಬೋಹುನ್ಕಾಳ ಕೈಗೆ ಕೊಟ್ಟಳು.

"ಕುಡಿ. ಏಳು ವರ್ಷದ್ದು."

ಬೋಹುನ್ಕಾ ಕುಡಿದಳು. ಕಣ್ಣಲ್ಲಿ ನೀರು ಬಂತು, ಪಾನೀಯದಿಂದಲೇ ಎಂದು ಹೇಳಬಹುದಿತ್ತು. ಹೆದ್ವಿಕಾ ಕೋಟಿನೊಳಗಿಂದ ಹಸಿರು ನೋಟ್‌ಬುಕ್ ತೆಗೆದಳು. ಹೊಸ ಹಾಳೆಯ ಮೇಲೆ, ತನ್ನ ಗುಂಡು ಅಕ್ಷರದಲ್ಲಿ, ಬರೆದುಕೊಂಡೇ ಬಂದಿದ್ದಳು: ಆನೆ, ಹದಿನೈದು. ಭಾನುವಾರ ನಿಲ್ಲಿಸಿ ನಕಲು. ಖಾಲಿ ಮಾಡದೆ ತೊಳೆಯಬಾರದು.

"ಇದು ನಿನ್ನ ಉಗ್ರಾಣದಲ್ಲಿರಲಿ," ಅಂದಳು. "ನಿನ್ನ ಯಂತ್ರ ಕೆಟ್ಟಾಗ ಇದು ತೆರೆಯುತ್ತೆ."

"ಚಿಕ್ಕಮ್ಮ..."

"ಇನ್ನೂ ಮುಗಿದಿಲ್ಲ. ಗುರುವಾರದ ಪ್ರಕಟಣೆ ಇನ್ಮೇಲೆ ನೀನೇ ಓದು. ನನ್ನ ಗಂಟಲು ಸೋತಿದೆ. ಮೇಲಾಗಿ ನಿನ್ನೆ ನಮ್ಮ ಬೀದಿಯವರೆಲ್ಲ ಕಿಟಕಿ ತೆಗೆದು ನಿಂತಿದ್ರು ಕಣೆ. ಪೀಪಾಯಿ ವಿಷಯ ಅಂತಲ್ಲ. ನಿನ್ನ ದನಿ ಕೇಳಿ ಎಷ್ಟು ಕಾಲ ಆಗಿತ್ತು ಅಂತ."

ಮುಂದಿನ ಗುರುವಾರ ನಾಲ್ಕು ಗಂಟೆಗೆ ಬ್ಯಾಂಡಿನ ಸಂಗೀತ ಮುಗಿದ ಮೇಲೆ ಯಾವೊರೆಟ್ಸಿನ ಕಂಬಗಳೆಲ್ಲ ಒಂದು ಗಳಿಗೆ ಸುಮ್ಮನಿದ್ದವು. ತೋಟದಲ್ಲಿ ಕತ್ತರಿಗಳು ನಿಂತವು. ಆಮೇಲೆ, ಈ ಸಲ ಬಾಯಿತಪ್ಪಿ ಅಲ್ಲ, ಬೇಕೆಂದೇ, ನಿಧಾನವಾಗಿ, ಇಪ್ಪತ್ತೇಳು ವರ್ಷ ಹೇಳಿದ ಹಾಗೆಯೇ ಅವಳು ಶುರು ಮಾಡಿದಳು:

"ಪ್ರಯಾಣಿಕರ ಗಮನಕ್ಕೆ."